ಆರ್.ಸಿ. ಕಾರಿನ ಲಿಂಕ್: ಯಾವುದು ಬೇಕು, ಹೇಗೆ ಕೂರಿಸಬೇಕು

ರಿಮೋಟಿನಲ್ಲಿ ಓಡುವ ಕಾರುಗಳಲ್ಲಿ ಕೆಲವು ವೇಗಕ್ಕೆ, ಕೆಲವು ಬಂಡೆ ಹತ್ತುವುದಕ್ಕೆ. ಬಂಡೆ ಹತ್ತುವುದನ್ನು ಕ್ರಾಲರ್ ಎನ್ನುತ್ತಾರೆ. ನಾನು ಬರೆಯುತ್ತಿರುವುದು 1:10 ಅಳತೆಯ, ಅಂದರೆ ನಿಜವಾದ ಜೀಪಿನ ಹತ್ತನೇ ಒಂದರಷ್ಟಿರುವ ಕ್ರಾಲರ್ ಬಗ್ಗೆ. ಚಿತ್ರದುರ್ಗದಲ್ಲಿ ಬಂಡೆಗೆ ಬರವಿಲ್ಲ (ಕೋಟೆಯೊಳಗೆ ಹೋಗಬೇಕಿಲ್ಲ, ನಮ್ಮ ಬಡಾವಣೆಯ ಹಿಂದೆಯೇ ಬೇಕಾದಷ್ಟಿವೆ), ಹಾಗಾಗಿ ನಮಗೆ ಇದೇ ಸರಿ.

ನನ್ನ ತಮ್ಮ ಎರಡು ವರ್ಷದ ಈದಿ ಹಣ ಕೂಡಿಟ್ಟು ಒಂದು ಹಳೆಯ ಕ್ರಾಲರ್ ಕೊಂಡಿದ್ದಾನೆ. ಮೂರೇ ವಾರಕ್ಕೆ ಅದರ ಹಿಂದಿನ ಎರಡು ಕೆಳ ಲಿಂಕುಗಳು ಬಿಲ್ಲಿನಂತೆ ಬಾಗಿದವು. ಬಂಡೆಗೆ ಮುಖ ಕೊಟ್ಟರೆ ಕಾರು ಹತ್ತುವ ಬದಲು ಕುಪ್ಪಳಿಸುತ್ತಿತ್ತು. ಅಬ್ಬಾ ಹೇಳಿದ್ದು ಒಂದೇ ಮಾತು: "ಇನ್ನೊಂದು ಸಲ ಮಾತ್ರ ಖರ್ಚು. ಆಗಲೂ ಸರಿಯಾಗದಿದ್ದರೆ ಮಾರಿಬಿಡಿ." ಆದ್ದರಿಂದ ಕೊಳ್ಳುವ ಮೊದಲು ಕೂತು ಓದಬೇಕಾಯಿತು.

ಲಿಂಕ್ ಎಂದರೆ ಚಾಸಿಗೂ ಆಕ್ಸಲ್‌ಗೂ ನಡುವಿನ ಕಂಬಿ. ಅಮ್ಮಿ ಅದನ್ನು ಸಲಾಖ್ ಅನ್ನುತ್ತಾರೆ, ಕನ್ನಡದ ಸಲಾಕೆಗೆ ಅದೇನೂ ದೂರವಿಲ್ಲ. ಲಾರಿ ಗ್ಯಾರೇಜಿನಲ್ಲಿ ಕೆಲಸ ಮಾಡುವ ನಮ್ಮ ಮಾಮು ಇದನ್ನು ಚೆನ್ನಾಗಿ ವಿವರಿಸಿದರು. ಲಾರಿಯ ಕಮಾನು ಪಟ್ಟಿ ಎರಡು ಕೆಲಸ ಮಾಡುತ್ತದೆ: ಭಾರ ಹೊರುತ್ತದೆ, ಆಕ್ಸಲ್ ಅತ್ತಿತ್ತ ಹೋಗದಂತೆ ಹಿಡಿಯುತ್ತದೆ. ನಮ್ಮ ಕಾರಿನಲ್ಲಿರುವ ಸುರುಳಿ ಸ್ಪ್ರಿಂಗ್ ಭಾರವನ್ನಷ್ಟೇ ಹೊರಬಲ್ಲದು. ಹಿಡಿಯುವ ಕೆಲಸವೆಲ್ಲ ಲಿಂಕುಗಳದ್ದು. ಹಿಂದಿನ ಆಕ್ಸಲ್‌ಗೆ ಕೆಳಗೆ ಎರಡು, ಮೇಲೆ ಎರಡು. ಮೇಲಿನ ಎರಡನ್ನು ಓರೆಯಾಗಿ, ತ್ರಿಕೋನದ ಎರಡು ಬಾಹುಗಳಂತೆ ಇಟ್ಟಿರುತ್ತಾರೆ. ನಾಲ್ಕೂ ಸಮಾನಾಂತರವಾಗಿದ್ದರೆ ಆಕ್ಸಲ್ ಪಕ್ಕಕ್ಕೆ ಜಾರುತ್ತದೆ.

ಕಾರು ಮುಂದಕ್ಕೆ ಹೊರಟಾಗ ಹಿಂದಿನ ಚಕ್ರಗಳು ಆಕ್ಸಲ್ ಅನ್ನು ಮುಂದಕ್ಕೆ ತಳ್ಳುತ್ತವೆ. ಆ ಒತ್ತಡವೆಲ್ಲ ಕೆಳಗಿನ ಲಿಂಕುಗಳ ಮೇಲೆ. ಅದೇ ಹೊತ್ತಿಗೆ ಆಕ್ಸಲ್‌ನ ಹೌಸಿಂಗ್ ಹಿಂದಕ್ಕೆ ತಿರುಗಲು ನೋಡುವುದರಿಂದ ಮೇಲಿನ ಲಿಂಕುಗಳು ಎಳೆತಕ್ಕೆ ಸಿಗುತ್ತವೆ. ಒಂದು ಪ್ಲಾಸ್ಟಿಕ್ ಸ್ಕೇಲ್ ತೆಗೆದುಕೊಂಡು ಎರಡೂ ತುದಿ ಹಿಡಿದು ಎಳೆಯಿರಿ, ಏನೂ ಆಗುವುದಿಲ್ಲ. ತುದಿಗಳನ್ನು ಒಂದಕ್ಕೊಂದು ಒತ್ತಿರಿ, ತಕ್ಷಣ ಬಾಗುತ್ತದೆ. ಕೆಳ ಲಿಂಕ್ ಬಾಗಿ, ಮೇಲಿನದು ಹಾಗೇ ಉಳಿದದ್ದು ಇದರಿಂದಲೇ. ಸಾಲದ್ದಕ್ಕೆ ಕಲ್ಲಿಗೆ ಉಜ್ಜುವುದೂ ಕೆಳಗಿನದೇ. ಹಣ ಕಡಿಮೆ ಇದ್ದರೆ ಕೆಳಗಿನ ಲಿಂಕ್ ಮಾತ್ರ ಲೋಹದ್ದು ಮಾಡಿಸಿ, ಮೇಲಿನದು ಕಾಯಬಹುದು.

ಯಾವ ಲೋಹ? ಸ್ಟೇನ್‌ಲೆಸ್ ಸ್ಟೀಲ್ ಭಾರ, ಆದರೆ ಕ್ರಾಲರ್‌ಗೆ ತಳದ ಭಾರ ಒಳ್ಳೆಯದೇ, ಕಾರು ಮಗುಚುವುದು ಕಡಿಮೆ. ಕಲ್ಲಿನ ಮೇಲೆ ಜಾರುತ್ತದೆ ಕೂಡ. ಅಲ್ಯೂಮಿನಿಯಂ ಮೆತು, ಕಲ್ಲಿಗೆ ಕಚ್ಚಿಕೊಳ್ಳುತ್ತದೆ. ಹಗುರ ಎಂದು ಟೈಟಾನಿಯಂಗೆ ದುಡ್ಡು ಸುರಿಯುವುದು, ನನ್ನ ಅಭಿಪ್ರಾಯದಲ್ಲಿ, ರೇಸ್ ಕಾರಿನವರ ಶೋಕಿ. ರೆಡಿ ಸೆಟ್ ಕೊಳ್ಳುವುದಾದರೆ ಬಣ್ಣ ನೋಡುವ ಮೊದಲು ವ್ಹೀಲ್‌ಬೇಸ್ ನೋಡಿ. ಆಕ್ಸಿಯಲ್ ಕಂಪನಿಯ ಎಸ್‌ಸಿಎಕ್ಸ್10-2 ಕಾರಿಗೆ ಅದು 313 ಮಿ.ಮೀ., ಟ್ರಾಕ್ಸಸ್ ಟಿಆರ್‌ಎಕ್ಸ್-4 ಡಿಫೆಂಡರ್‌ಗೆ 324. ಒಂದರ ಸೆಟ್ ಇನ್ನೊಂದಕ್ಕೆ ಹಾಕಿದರೆ ಚಕ್ರ ಬಾಡಿಯ ಕಮಾನಿನ ನಡುವೆ ನಿಲ್ಲದೆ ಉಜ್ಜತೊಡಗುತ್ತದೆ.

ನಮಗೆ ಸಿಕ್ಕ ಸ್ಟೀಲ್ ಸೆಟ್‌ನ ಬೆಲೆ 1,850 ರೂ. ಅದರ ಬದಲು ಹಾರ್ಡ್‌ವೇರ್ ಅಂಗಡಿಯಿಂದ ಎಂ3 ಅಳತೆಯ ಥ್ರೆಡ್ ರಾಡ್ 60 ರೂ., ಅದು ಸಲೀಸಾಗಿ ತೂರುವ ಅಲ್ಯೂಮಿನಿಯಂ ಪೈಪ್ 110 ರೂ., ಆನ್‌ಲೈನ್‌ನಲ್ಲಿ ಹತ್ತು ಪ್ಲಾಸ್ಟಿಕ್ ರಾಡ್ ಎಂಡ್ 260 ರೂ. ಒಟ್ಟು 430. ಎರಡು ಸಂಜೆಯ ಕೂಲಿ ಹಿಡಿದಿಲ್ಲ, ಮಾಮುವಿನ ಅರ, ಹ್ಯಾಕ್ಸಾಗಳ ಸವಕಳಿಯನ್ನೂ ಹಿಡಿದಿಲ್ಲ. ಅಕೌಂಟೆನ್ಸಿ ಸರ್ ಈ ಪಟ್ಟಿಗೆ ಪೂರ್ತಿ ಅಂಕ ಕೊಡಲಾರರು. ಅಲ್ಯೂಮಿನಿಯಂ ಕಚ್ಚುತ್ತದೆ ಎಂದೆನಲ್ಲ, ನಿಜ. ಆದರೆ ಒಳಗಿನ ರಾಡ್ ಸ್ಟೀಲು, ಹೊರಗಿನ ಪೈಪ್ ಸವೆದರೆ ಒಂದು ತುಂಡು ಬದಲಿಸಿದರಾಯಿತು.

ಲೆಕ್ಕ ಹೀಗೆ. ಲಿಂಕ್‌ನ ಉದ್ದವನ್ನು ಒಂದು ಕಣ್ಣಿನ ನಡುವಿನಿಂದ ಇನ್ನೊಂದು ಕಣ್ಣಿನ ನಡುವಿಗೆ ಅಳೆಯಬೇಕು. ನಮ್ಮದು 112 ಮಿ.ಮೀ. ಬಾಗಿದ ಲಿಂಕ್ ಗಿಡ್ಡ ತೋರಿಸುತ್ತದೆ, ಅದಕ್ಕೇ ಅದನ್ನು ಚಪ್ಪಟೆ ಮಾಡಿ ಹಿಡಿದು ಅಳೆದೆವು. ರಾಡ್ ಎಂಡ್‌ನ ಕಣ್ಣಿನ ನಡುವಿನಿಂದ ಅದರ ಬುಡಕ್ಕೆ 20 ಮಿ.ಮೀ., ಎರಡಕ್ಕೆ 40. 112ರಲ್ಲಿ 40 ಕಳೆದರೆ ಪೈಪ್ 72 ಮಿ.ಮೀ. ಪ್ಲಾಸ್ಟಿಕ್ಕಿನೊಳಗೆ ರಾಡ್ ಪ್ರತಿ ತುದಿಗೆ 10 ಮಿ.ಮೀ. ಇಳಿಯಬೇಕು, ಹಾಗಾಗಿ ರಾಡ್ 92. ಎಡ, ಬಲ ಎರಡೂ ಪೈಪುಗಳನ್ನು ಜೊತೆಗೆ ಹಿಡಿದೇ ಅರದಿಂದ ಉಜ್ಜಿ. ಅಳತೆ ಒಂದು ಕೂದಲು ತಪ್ಪಿದರೂ ಪರವಾಗಿಲ್ಲ, ಎರಡೂ ಸಮ ಇರಲಿ. ಒಂದು ಉದ್ದ, ಒಂದು ಗಿಡ್ಡ ಆದರೆ ಆಕ್ಸಲ್ ಓರೆ ನಿಂತು ಕಾರು ಒಂದು ಕಡೆಗೆ ಎಳೆಯುತ್ತದೆ. ಈ ಕೆಲಸಕ್ಕೆ ಫಿಸಿಕ್ಸ್ ಲ್ಯಾಬಿನ ವರ್ನಿಯರ್‌ನಂಥದ್ದೇ ಬೇಕು, ಸ್ಕೇಲ್ ಸಾಲದು.

ರಾಡ್ ಎಂಡ್ ಪೈಪಿನ ತುದಿಗೆ ಒತ್ತುವವರೆಗೆ ತಿರುಗಿಸಿ. ಆಗ ಒಳಗಿನ ರಾಡ್ ಎಳೆದು ನಿಲ್ಲುತ್ತದೆ, ಹೊರಗಿನ ಪೈಪ್ ಒತ್ತಿ ನಿಲ್ಲುತ್ತದೆ, ಎರಡೂ ಸೇರಿ ಒಂದೇ ಗಟ್ಟಿ ಕಂಬಿಯಾಗುತ್ತದೆ. ಎರಡು ಕಣ್ಣುಗಳೂ ಒಂದೇ ಮಟ್ಟದಲ್ಲಿರಲಿ, ಇಲ್ಲವಾದರೆ ಆಕ್ಸಲ್ ಓಲುವಾಗ ಹಿಡಿದುಕೊಳ್ಳುತ್ತದೆ. ಥ್ರೆಡ್ ಲಾಕ್ ಅಂಟು ಲೋಹಕ್ಕೆ ಲೋಹ ಸೇರುವಲ್ಲಿ ಮಾತ್ರ. ಪ್ಲಾಸ್ಟಿಕ್ಕಿಗೆ ತಾಗಿದರೆ ಬಿರುಕು ಬಿಡಬಹುದು.

ಕೂರಿಸುವಾಗ ಮೊದಲು ಬ್ಯಾಟರಿ ತೆಗೆಯಿರಿ. ಒಂದು ಸಲಕ್ಕೆ ಒಂದೇ ಲಿಂಕ್ ಬಿಚ್ಚಿ, ಆಗ ಆಕ್ಸಲ್ ತನ್ನ ಜಾಗ ಬಿಡುವುದಿಲ್ಲ. ಎಲ್ಲ ಕೂತ ಮೇಲೆ ಶಾಕ್‌ಗಳನ್ನು ಬಿಚ್ಚಿಟ್ಟು ಆಕ್ಸಲ್ ಅನ್ನು ಕೈಯಿಂದ ಪೂರ್ತಿ ಮೇಲೆ, ಪೂರ್ತಿ ಕೆಳಗೆ, ಓರೆಯಾಗಿ ಆಡಿಸಿ ನೋಡಿ. ಪೂರ್ತಿ ಕೆಳಗಿಳಿದಾಗ ಪ್ರೊಪೆಲ್ಲರ್ ಶಾಫ್ಟ್ ಕಳಚಬಾರದು, ಪೂರ್ತಿ ಮೇಲೇರಿದಾಗ ತುದಿ ಮುಟ್ಟಿ ಒತ್ತಬಾರದು. ಶಾಫ್ಟ್ ತೀರಾ ಮುರಿದ ಕೋನದಲ್ಲಿದ್ದರೆ ಮೇಲಿನ ಲಿಂಕ್ ಸರಿಪಡಿಸಬೇಕು: ಗಿಡ್ಡ ಮಾಡಿದರೆ ಪಿನಿಯನ್ ಮೂತಿ ಕೆಳಗೆ, ಉದ್ದ ಮಾಡಿದರೆ ಮೇಲಕ್ಕೆ. ಎಂ3 ಥ್ರೆಡ್‌ನಲ್ಲಿ ಒಂದು ಪೂರ್ತಿ ಸುತ್ತಿಗೆ ಅರ್ಧ ಮಿ.ಮೀ. ಬದಲಾಗುತ್ತದೆ. ಒಂದು ತುದಿ ಎಡ ಥ್ರೆಡ್, ಇನ್ನೊಂದು ಬಲ ಥ್ರೆಡ್ ಇರುವ ಟರ್ನ್‌ಬಕಲ್ ಆದರೆ ಒಂದು ಸುತ್ತಿಗೆ ಒಂದು ಮಿ.ಮೀ., ಅದೂ ಕಾರಿನಿಂದ ಬಿಚ್ಚದೆಯೇ.

ತಮ್ಮನ ಕಾರು ಈಗ ಕುಪ್ಪಳಿಸುತ್ತಿಲ್ಲ. ಮುಂದಿನ ಆಕ್ಸಲ್ ಇನ್ನೂ ಮುಟ್ಟಿಲ್ಲ. ಅಲ್ಲಿ ಅಡ್ಡಕ್ಕಿರುವ ಪ್ಯಾನ್‌ಹಾರ್ಡ್ ರಾಡ್, ಸ್ಟೀರಿಂಗ್ ರಾಡ್‌ಗೆ ಸಮಾನಾಂತರವಾಗಿ, ಹೆಚ್ಚುಕಡಿಮೆ ಅಷ್ಟೇ ಉದ್ದವಿರಬೇಕು. ಇಲ್ಲದಿದ್ದರೆ ಪ್ರತಿ ಉಬ್ಬಿಗೂ ಚಕ್ರ ತಾನಾಗಿ ತಿರುಗುತ್ತದೆ. ಪೈಪ್ ಇನ್ನೂ ಮೊಳದಷ್ಟು, ರಾಡ್ ಎಂಡ್ ಆರು ಉಳಿದಿವೆ.