ಕೊಟ್ಟಿಗೆಯ ಗಂಜಲವೂ ಉಪ್ಪಿಗೆ ಅಂಜದ ಸೂಕ್ಷ್ಮಜೀವಿಗಳೂ

ಉಪ್ಪಿನಕಾಯಿಯೂ ಒಣಮೀನೂ ಉಪ್ಪಿನ ಬಲದಿಂದಲೇ ಕೆಡದೆ ನಿಲ್ಲುವುವೆಂಬುದು ಎಲ್ಲರೂ ಬಲ್ಲ ಸಂಗತಿಯಷ್ಟೆ. ಹಾಗಾದರೆ ಕೊಟ್ಟಿಗೆಯ ನೆಲಕ್ಕೂ ಉಪ್ಪನ್ನು ಎರಚಿದಲ್ಲಿ ಗಂಜಲದ ಘಾಟು ಅಡಗಿ ಗೊಬ್ಬರದ ಸತ್ತ್ವವು ಉಳಿದೀತೇ ಎಂದು ಗ್ರಾಮದ ಹಿರಿಯರೊಬ್ಬರು ನಮ್ಮನ್ನು ಕೇಳಿದರು. ಪ್ರಶ್ನೆಯು ಯುಕ್ತವಾದುದೇ, ಆದರೆ ಹಾಗೆ ಮಾಡಕೂಡದು.

ಉಪ್ಪು ಹೆಚ್ಚಾದೆಡೆಯಲ್ಲಿ ಸಾಮಾನ್ಯ ಬ್ಯಾಕ್ಟೀರಿಯಗಳು ಮೈಯೊಳಗಿನ ನೀರನ್ನು ಕಳೆದುಕೊಂಡು ಸೊರಗುವುವು. ಸಗಣಿ ಗಂಜಲಗಳು ಸೇರಿದ ಗೊಬ್ಬರದಲ್ಲಾದರೋ ಉಪ್ಪನ್ನು ಸಹಿಸುವ ಜಾತಿಗಳೂ, ಉಪ್ಪಿದ್ದರೇ ಚೆನ್ನಾಗಿ ಬೆಳೆಯುವ ಜಾತಿಗಳೂ ಉಂಟು. ಇವು ತಮಗೆ ಹಿತವಾದ ಕೆಲವು ದ್ರವ್ಯಗಳನ್ನು ಮೈಯೊಳಗೆ ಕೂಡಿಟ್ಟುಕೊಂಡು ನೀರನ್ನು ಕಾಯ್ದುಕೊಳ್ಳುವುವು. ಹಿಟ್ಟಿನ ಅಂಶವನ್ನೂ ಪ್ರೋಟೀನನ್ನೂ ಕರಗಿಸತಕ್ಕ ಕಿಣ್ವಗಳನ್ನು ಉಪ್ಪುನೀರಿನಲ್ಲಿಯೂ ಉತ್ಪತ್ತಿಮಾಡುವುವು.

ರೈತರಿಗೆ ಮುಖ್ಯವಾದುದು ಯೂರಿಯೇಸ್ ಎಂಬ ಕಿಣ್ವ. ಗಂಜಲದಲ್ಲಿರುವ ಯೂರಿಯವನ್ನು ಇದು ಒಡೆಯಲು, ಅಮೋನಿಯವು ಹುಟ್ಟಿ ಗಾಳಿಗೆ ಹಾರಿಹೋಗುವುದು. ಬೆಳಗಿನ ಜಾವ ಕೊಟ್ಟಿಗೆಯ ಬಾಗಿಲು ತೆರೆದೊಡನೆ ಕಣ್ಣುರಿಸುವ ಘಾಟು ಇದೇ. ಪಾಸ್ತರ್ ಪಂಡಿತರ ಹೆಸರನ್ನು ಹೊತ್ತ ಒಂದು ಬ್ಯಾಕ್ಟೀರಿಯವು ಈ ಕೆಲಸದಲ್ಲಿ ಬಹು ನಿಪುಣ. ಕ್ಷಾರಕ್ಕೂ ಉಪ್ಪಿಗೂ ಅದು ಅಂಜದು. ಇದೇ ಕಿಣ್ವವನ್ನು 1926ರಲ್ಲಿ ಅಮೆರಿಕದ ಸಮ್ನರ್ ಎಂಬುವರು ಅವರೆಯ ಬಳಗದ ಒಂದು ಕಾಳಿನಿಂದ ಹರಳಿನ ರೂಪದಲ್ಲಿ ತೆಗೆದು, 1946ರಲ್ಲಿ ನೊಬೆಲ್ ಪಾರಿತೋಷಕದ ಒಂದು ಭಾಗವನ್ನು ಪಡೆದರು. ಇನ್ನೊಂದು ವಿಚಿತ್ರವೇನೆಂದರೆ, ಜೀವಿಯು ಸತ್ತ ಮೇಲೂ ಈ ಕಿಣ್ವವು ಜೇಡಿಮಣ್ಣಿನ ಕಣಗಳಿಗೆ ಅಂಟಿಕೊಂಡು ಬಹುಕಾಲ ಕೆಲಸ ಮಾಡುತ್ತಿರುವುದು. ಆದಕಾರಣ ಉಪ್ಪಿನಿಂದ ನಷ್ಟವು ತಪ್ಪದು. ಮೇಲಾಗಿ ಆ ಉಪ್ಪೆಲ್ಲವೂ ಗೊಬ್ಬರದೊಡನೆ ಹೊಲವನ್ನು ಸೇರಿ ಭೂಮಿಯನ್ನು ಚೌಳಾಗಿಸುವುದು.

ಹಸುವಿನ ಮೈಯಿಂದ ಹೊರಬೀಳುವ ಸಾರಜನಕದಲ್ಲಿ ಹೆಚ್ಚುಕಡಮೆ ಅರ್ಧಭಾಗವು ಗಂಜಲದಲ್ಲಿಯೇ ಇರುವುದು. ಸಗಣಿಯನ್ನು ಜೋಪಾನವಾಗಿ ಬಾಚಿ ಗಂಜಲವನ್ನು ಮೋರಿಗೆ ಬಿಡುವವರು ಇದನ್ನು ಯೋಚಿಸಬೇಕು. ಹಸುಗಳು ನಿಲ್ಲುವೆಡೆಯಲ್ಲಿ ಒಣಗಿದ ಪುಡಿಮಣ್ಣನ್ನು ಅರ್ಧ ಅಡಿ ದಪ್ಪ ಹರಡಿ, ಪ್ರತಿದಿನವೂ ತೇವವಾದ ಜಾಗಕ್ಕೆ ಒಣಮಣ್ಣನ್ನು ಎಳೆದು ಮುಚ್ಚತಕ್ಕದ್ದು. ಹುಟ್ಟುವ ಅಮೋನಿಯದ ಬಹುಭಾಗವನ್ನು ಮಣ್ಣು ಹಿಡಿದಿಟ್ಟುಕೊಳ್ಳುವುದು. ಮಣ್ಣೆಲ್ಲವೂ ನೆನೆದ ಮೇಲೆ ತೆಗೆದು ಗುಂಡಿಗೆ ಹಾಕಿ, ಮೇಲೆ ನಾಲ್ಕು ಅಂಗುಲ ಮಣ್ಣು ಮುಚ್ಚುವುದು. ಒಲೆಯ ಬೂದಿಯನ್ನು ಮಾತ್ರ ಹಸಿ ಗೊಬ್ಬರಕ್ಕೆ ಸುರಿಯುವ ರೂಢಿಯನ್ನು ಬಿಡಬೇಕು; ಬೂದಿಯ ಕ್ಷಾರವು ಅಮೋನಿಯವನ್ನು ಇನ್ನೂ ಬೇಗ ಓಡಿಸುವುದು. ಬೂದಿಯನ್ನು ಬೇರೆಯಾಗಿ ಮಳೆಗೆ ನೆನೆಯದಂತೆ ಕೂಡಿಟ್ಟು, ನೇರವಾಗಿ ಹೊಲಕ್ಕೆ ಎರಚಬಹುದು.