ಕಂಬಳಿ ಇಟ್ಟುಕೊಂಡವರು ಮಾಡಬೇಕಾದ್ದು, ಮಾಡಬಾರದ್ದು

ಕನ್ನಡದಲ್ಲಿ ಉಣ್ಣೆ ಎಂದರೆ ಎರಡು. ಕುರಿಯ ಮೈಮೇಲೆ ಬೆಳೆಯುವುದು ಒಂದು, ದನದ ಮೈಗೆ ಕಚ್ಚಿ ರಕ್ತ ಹೀರುವುದು ಇನ್ನೊಂದು. ಎರಡನೆಯದಕ್ಕೆ ಉಣುಗು ಎಂಬ ಹೆಸರೂ ಇದೆ. ಗೊಂದಲವಾಗದಿರಲೆಂದು ಇಲ್ಲಿ ಅದನ್ನೇ ಬಳಸುತ್ತೇನೆ. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು, ಸುತ್ತಲಿನ ಜನ ಜ್ವರದಲ್ಲಿ ಮಲಗಿದಾಗ ಗುರುತಾದ ಕಾಯಿಲೆಯನ್ನು ದಾಟಿಸುವುದು ಈ ಉಣುಗೇ. ಹಾಗಾಗಿ ಈ ಸೀಮೆಯಲ್ಲಿ ಕಂಬಳಿಯ ಮಾತೆತ್ತಿದರೆ ಉಣುಗಿನ ಮಾತೂ ಬರಲೇಬೇಕು.

ಮಾಡಬಾರದ್ದು

ಕಾರ್ತಿಕ ಕಳೆದ ಮೇಲೆ ಮುಂಗಾರು ಹಿಡಿಯುವ ತನಕ ಕಂಬಳಿ ಹೊದ್ದು ಕಾಡಿಗೆ ಹೋಗಬೇಡಿ. ಮರಿ ಉಣುಗುಗಳು ದರಗಿನಲ್ಲಿ ಕಾಯುವ ಕಾಲ ಅದು. ಎಳ್ಳಿಗಿಂತ ಚಿಕ್ಕವು, ಒರಟು ಎಳೆಗೆ ಸುಲಭವಾಗಿ ಹಿಡಿದುಕೊಳ್ಳುತ್ತವೆ, ಕರಿ ಕಂಬಳಿಯ ಮೇಲಂತೂ ಕಣ್ಣಿಗೆ ಬೀಳುವುದಿಲ್ಲ. ಸೌದೆಗೆ, ಸೊಪ್ಪಿಗೆ ಹೋಗುವಾಗ ಒತ್ತಾಗಿ ನೇಯ್ದ, ತಿಳಿ ಬಣ್ಣದ, ತುಂಬುತೋಳಿನ ಹತ್ತಿಬಟ್ಟೆ ಸಾಕು. ಕೈಕಾಲಿಗೆ ಆರೋಗ್ಯ ಇಲಾಖೆಯವರು ಕೊಡುವ ಎಣ್ಣೆ ಹಚ್ಚಿಕೊಳ್ಳಿ.

ದರಗಿನ ಮೇಲೆ ಕಂಬಳಿ ಹಾಸಿ ಬುತ್ತಿ ಬಿಚ್ಚಬೇಡಿ. ಅದೇ ಕಂಬಳಿಯನ್ನು ಸಂಜೆ ಮಕ್ಕಳ ಹಾಸಿಗೆಗೆ ಎಸೆಯುವುದಂತೂ ಬೇಡವೇ ಬೇಡ.

ಉಣುಗು ಹತ್ತಿತೆಂದು ಕಂಬಳಿಯನ್ನು ಕುದಿನೀರಿಗೆ ಹಾಕಬೇಡಿ. ಉಣುಗು ಸಾಯುತ್ತದೆ, ಜೊತೆಗೆ ಕಂಬಳಿಯೂ. ಕುರಿಗೂದಲಿನ ಮೈಯಲ್ಲಿ ಮೀನಿನ ಹುರುಪೆಯಂಥ ಪದರವಿದೆ. ಬಿಸಿನೀರು, ಸೋಪು, ಉಜ್ಜಾಟ ಮೂರೂ ಸೇರಿದರೆ ಎಳೆಗಳು ಒಂದಕ್ಕೊಂದು ಹೆಣೆದುಕೊಂಡು ಗಟ್ಟಿಯಾಗುತ್ತವೆ. ಹಾಗೆ ಕುಗ್ಗಿದ್ದನ್ನು ಎಷ್ಟು ಎಳೆದರೂ ಮೊದಲಿನಂತಾಗದು. ಒಗೆಯುವ ಕಲ್ಲಿಗೆ ಬಡಿಯುವುದೂ, ಹಿಂಡುವುದೂ ಇದೇ ಸಾಲಿನ ತಪ್ಪು.

ಸೋಡಾ, ಬ್ಲೀಚಿಂಗ್ ಪುಡಿ ಮುಟ್ಟಿಸಬೇಡಿ. ಉಣ್ಣೆ ನಮ್ಮ ತಲೆಗೂದಲಿನಂತೆ ಕೆರಾಟಿನ್ ಎಂಬ ಪ್ರೋಟೀನು. ಕ್ಷಾರ ಹೆಚ್ಚಾದರೆ ಕರಗಿಹೋಗುತ್ತದೆ.

ಮಾಡಬೇಕಾದ್ದು

ಮಳೆಗಾಲದಲ್ಲಿ ಧಾರಾಳವಾಗಿ ಕಂಬಳಿಯ ಕೊಪ್ಪೆ ಹಾಕಿಕೊಳ್ಳಿ. ನಾಟಿ ಗದ್ದೆಯಲ್ಲಿ ಪ್ಲಾಸ್ಟಿಕ್ ಹೊದ್ದವರು ಒಳಗೇ ಬೆವೆತು ತೋಯುತ್ತಾರೆ. ಕಂಬಳಿಯವರಿಗೆ ಆ ಕಷ್ಟವಿಲ್ಲ. ಉಣ್ಣೆ ತನ್ನ ತೂಕದ ಸುಮಾರು ಶೇಕಡಾ 30ರಷ್ಟು ನೀರಾವಿ ಹೀರಿದರೂ ಕೈಗೆ ತೇವ ಅನ್ನಿಸುವುದಿಲ್ಲ, ಹೀರುವಾಗ ತುಸು ಬಿಸಿಯನ್ನೂ ಬಿಡುತ್ತದೆ. ಭಾರ ಮಾತ್ರ ಭಾರವೇ, ಅದನ್ನು ಒಪ್ಪಬೇಕು.

ಹೊಸ ಕಂಬಳಿ ಬಿರುಸಾಗಿದೆಯೆಂದು ಬೇಸರ ಬೇಡ. ನೇಯುವ ಕುರುಬರು ಎಳೆಗೆ ಹುಣಸೆಬೀಜದ ಗಂಜಿ ಕೊಟ್ಟಿರುತ್ತಾರೆ. ಕೊಪ್ಪೆಗಾದರೆ ಆ ಬಿರುಸೇ ಒಳ್ಳೆಯದು.

ಒಗೆಯಲೇಬೇಕಾದಾಗ ತಣ್ಣೀರು, ಅಂಟುವಾಳದ ನೊರೆ. ಅದುಮಿ ನೀರು ಇಳಿಸಿ, ಹಗ್ಗಕ್ಕೆ ನೇತುಹಾಕದೆ ಅಗಲವಾಗಿ ಹರವಿ ಒಣಗಿಸಿ. ಒದ್ದೆ ಉಣ್ಣೆಗೆ ಬಲ ಕಡಿಮೆ, ತನ್ನ ಭಾರಕ್ಕೆ ತಾನೇ ಜಗ್ಗುತ್ತದೆ.

ಉಣುಗಿನ ಅನುಮಾನವಿದ್ದರೆ ಅಂಗಳದಾಚೆಯೇ ಕೊಡವಿ, ಕಾದ ಬಂಡೆಯ ಮೇಲೆ ಮಗ್ಗುಲು ಬದಲಿಸುತ್ತ ದಿನವಿಡೀ ಬಿಸಿಲಿಗೆ ಹಾಕಿ. ಒಣ ಬಿಸಿ ಉಣುಗಿಗೆ ಆಗಿಬರುವುದಿಲ್ಲ. ನೀವೂ ಬಿಸಿನೀರಿನ ಸ್ನಾನ ಮಾಡಿ ಮೈ ನೋಡಿಕೊಳ್ಳಿ. ಕಚ್ಚಿಕೊಂಡಿದ್ದರೆ ಚಿಮುಟದಿಂದ ಚರ್ಮಕ್ಕೆ ತಾಗಿದಂತೆ ಹಿಡಿದು ನೆಟ್ಟಗೆ ಎಳೆಯಿರಿ, ಉಗುರಲ್ಲಿ ಕುಕ್ಕಬೇಡಿ. ಆಮೇಲೆ ಜ್ವರ, ತಲೆನೋವು ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಿ, ಕಾಡಿಗೆ ಹೋಗಿದ್ದನ್ನು ಹೇಳಿ.

ಕೊಳ್ಳುವಾಗ ಒಂದೆಳೆ ಕಿತ್ತು ಕಡ್ಡಿ ಗೀರಿ ನೋಡಿ. ಕುರಿಯದಾದರೆ ಕೂದಲು ಸುಟ್ಟ ನಾತ, ಬೆರಳಲ್ಲಿ ಪುಡಿಯಾಗುವ ಬೂದಿ. ಕರಗಿ ಗಟ್ಟಿ ಮಣಿಯಾದರೆ ಅದು ಕಾರ್ಖಾನೆಯ ದಾರ. ಉಣ್ಣೆಗೆ ಬೆಂಕಿ ಬೇಗ ಹತ್ತದು, ಹತ್ತಿದರೂ ಕಿಡಿ ತೆಗೆದೊಡನೆ ಆರುತ್ತದೆ. ಒಲೆಯ ಮುಂದೆ ಯಾರ ಸೀರೆಗಾದರೂ ಬೆಂಕಿ ತಗುಲಿದರೆ ಮೊದಲು ಕೈಗೆ ಸಿಗಬೇಕಾದ್ದು ಕಂಬಳಿ; ನೈಲಾನ್ ಹೊದಿಕೆಯಲ್ಲ.

ಕಟ್ಟಿಡುವ ಮೊದಲು ಬೆವರು, ಅನ್ನದ ಕಲೆ ತೆಗೆಯಿರಿ. ನುಸಿಯ ಹುಳು ಮೊದಲು ಮೇಯುವುದು ಅಲ್ಲಿಯೇ. ಮಡಿಕೆಗೆ ಲಕ್ಕಿ ಸೊಪ್ಪು ಇಡುವುದಾದರೆ ಇಡಿ, ಆದರೆ ಸೊಪ್ಪನ್ನೇ ನಂಬಿ ಕೂರಬೇಡಿ. ಬಿಸಿಲು ಬಂದ ದಿನ ಪೆಟ್ಟಿಗೆಯಿಂದ ತೆಗೆದು ಕೊಡವಿ.