ಮನೆ, ನಿವೇಶನಕ್ಕೆ ಬೆಲೆ ಕಟ್ಟುವ ವ್ಯಾಲ್ಯುಯರ್ ಆಗಲು ಏನು ಓದಿರಬೇಕು?

ಗೃಹಸಾಲಕ್ಕೆ ಅರ್ಜಿ ಹಾಕಿದವರ ಮನೆಗೆ ಒಂದು ದಿನ ಟೇಪು ಹಿಡಿದುಕೊಂಡು ಒಬ್ಬರು ಬರುತ್ತಾರೆ. ಕ್ರಯಪತ್ರದ ಜೆರಾಕ್ಸ್ ಪ್ರತಿ ಬಿಡಿಸಿ ಚೆಕ್ಕುಬಂದಿ ತಾಳೆ ನೋಡುತ್ತಾರೆ. ಗೋಡೆಯಿಂದ ಗೋಡೆಗೆ ಅಳೆಯುತ್ತಾರೆ, ತಾರಸಿ ಹತ್ತಿ ಬಿರುಕು ಹುಡುಕುತ್ತಾರೆ, ಪಕ್ಕದ ಬೀದಿಯ ಸೈಟು ಈಚೆಗೆ ಎಷ್ಟಕ್ಕೆ ಹೋಯಿತೆಂದು ವಿಚಾರಿಸುತ್ತಾರೆ. ಅವರು ಬರೆದುಕೊಡುವ ವರದಿಯನ್ನು ನೋಡಿಯೇ ಬ್ಯಾಂಕು ಸಾಲದ ಮೊತ್ತ ನಿಗದಿ ಮಾಡುತ್ತದೆ. ಸಿವಿಲ್ ಎಂಜಿನಿಯರಿಂಗ್ ಮುಗಿಸಿದ ಮಕ್ಕಳು ಈ ಕೆಲಸಕ್ಕೆ ಬರುವುದು ಹೇಗೆಂದು ನನ್ನನ್ನು ಕೇಳುತ್ತಿರುತ್ತಾರೆ. ಬಹಳ ಮಂದಿ ತರಬೇತಿಗೆ ದುಡ್ಡು ಕಟ್ಟಿದ ಮೇಲೆ ಅರ್ಹತೆ ವಿಚಾರಿಸುತ್ತಾರೆ. ಅದು ತಿರುಗಾಮುರುಗಾ ಆಗಬಾರದು.

ನಮ್ಮ ದೇಶದಲ್ಲಿ ನೋಂದಾಯಿತ ಮೌಲ್ಯಮಾಪಕರ ಈಗಿನ ವ್ಯವಸ್ಥೆ 2013ರ ಕಂಪನಿ ಕಾಯ್ದೆಯ 247ನೇ ಕಲಮಿನ ಮೇಲೆ ನಿಂತಿದೆ. ಅದರ ನಿಯಮಗಳು 2017ರ ಅಕ್ಟೋಬರಿನಲ್ಲಿ ಬಂದವು. ನೋಂದಣಿ ಕೊಡುವುದು ಐಬಿಬಿಐ, ಅಂದರೆ ದಿವಾಳಿತನ ಪ್ರಕರಣಗಳ ಮೇಲ್ವಿಚಾರಣೆಗೆಂದು ಇರುವ ಕೇಂದ್ರದ ಮಂಡಳಿ. ಭೂಮಿ ಮತ್ತು ಕಟ್ಟಡ, ಯಂತ್ರೋಪಕರಣ, ಷೇರು ಮತ್ತಿತರ ಹಣಕಾಸು ಆಸ್ತಿ ಎಂದು ಮೂರು ವರ್ಗಗಳಿವೆ. ಈ ಲೇಖನ ಮೊದಲನೆಯದಕ್ಕೆ ಸಂಬಂಧಿಸಿದ್ದು.

ಮೊದಲು ಪದವಿ ಪತ್ರ ತೆಗೆದು ನೋಡಿ

ಸಿವಿಲ್ ಎಂಜಿನಿಯರಿಂಗ್, ಆರ್ಕಿಟೆಕ್ಚರ್ ಅಥವಾ ನಗರ ಯೋಜನೆ, ಈ ಮೂರರಲ್ಲಿ ಒಂದರ ಪದವಿ ಬೇಕು. ಪದವಿ ಮುಗಿದ ಮೇಲೆ ಅದೇ ಕ್ಷೇತ್ರದಲ್ಲಿ 5 ವರ್ಷ ದುಡಿದಿರಬೇಕು. ಇದೇ ವಿಷಯಗಳಲ್ಲಿ ಅಥವಾ ಆಸ್ತಿ ಮೌಲ್ಯಮಾಪನದಲ್ಲಿ ಸ್ನಾತಕೋತ್ತರ ಪದವಿ ಇದ್ದರೆ, ಅದಾದ ಮೇಲಿನ 3 ವರ್ಷದ ಅನುಭವ ಸಾಕು. ಮೌಲ್ಯಮಾಪನವನ್ನೇ ಸ್ನಾತಕೋತ್ತರ ಮಟ್ಟದಲ್ಲಿ ಕಲಿಸುವ ವಿಶ್ವವಿದ್ಯಾಲಯಗಳು ಬೆರಳೆಣಿಕೆಯಷ್ಟು. ಗುಜರಾತಿನ ವಲ್ಲಭ ವಿದ್ಯಾನಗರದ ಸರ್ದಾರ್ ಪಟೇಲ್ ವಿಶ್ವವಿದ್ಯಾಲಯದ ಹೆಸರು ಈ ವೃತ್ತಿಯಲ್ಲಿರುವ ಎಲ್ಲರಿಗೂ ಗೊತ್ತು.

ಎಡವುವುದು ಸಾಮಾನ್ಯವಾಗಿ ‘ಮುಗಿದ ಮೇಲೆ’ ಎಂಬ ಮಾತಿನಲ್ಲಿ. ಡಿಪ್ಲೊಮಾ ಮಾಡಿ ಹತ್ತು ವರ್ಷ ಸೈಟಿನ ಬಿಸಿಲಲ್ಲಿ ನಿಂತು, ಆಮೇಲೆ ಬಿ.ಇ. ಮುಗಿಸಿದವರ ಆ ಹತ್ತು ವರ್ಷ ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಕಾಂಕ್ರೀಟಿನ ಗುಣ ಕಣ್ಣಳತೆಯಲ್ಲೇ ಹೇಳಬಲ್ಲ ಅಂಥವರು ಮತ್ತೆ ಐದು ವರ್ಷ ಕಾಯುವುದನ್ನು ಕಂಡಾಗ ನನಗೆ ಬೇಸರವಾಗುತ್ತದೆ, ಆದರೆ ನಿಯಮ ಇರುವುದೇ ಹಾಗೆ. ಎಎಂಐಇ ಮಾಡಿದವರು ತಮ್ಮ ಪ್ರವೇಶದ ದಿನಾಂಕ ನೋಡಿಕೊಳ್ಳಬೇಕು. 2013ರ ಮೇ 31ರೊಳಗೆ ಹೆಸರು ನೋಂದಾಯಿಸಿದವರಿಗಷ್ಟೇ ಅದು ಪದವಿಗೆ ಸಮಾನ. ರೇರಾದಲ್ಲಿ ಏಜೆಂಟ್ ಎಂದು ನೋಂದಣಿ ಇರುವುದಕ್ಕೂ ಈ ಅರ್ಹತೆಗೂ ಸಂಬಂಧವಿಲ್ಲ.

ಅನುಭವದ ಪತ್ರಗಳನ್ನು ಕೆಲಸ ಬಿಡುವಾಗಲೇ ಕೇಳಿ ಪಡೆಯಿರಿ. ಯಾವ ದಿನದಿಂದ ಯಾವ ದಿನದವರೆಗೆ, ಏನು ಕೆಲಸ ಎಂಬುದು ಅದರಲ್ಲಿ ಸ್ಪಷ್ಟವಾಗಿರಲಿ. ಐದು ವರ್ಷ ಕಳೆದು ಹೋದರೆ ಹಳೆಯ ಗುತ್ತಿಗೆದಾರರು ಸಿಗುವುದೇ ಕಷ್ಟ.

ಐವತ್ತು ಗಂಟೆಯ ಪಾಠ, ಎರಡು ಗಂಟೆಯ ಪರೀಕ್ಷೆ

ಅರ್ಹತೆ ಖಾತ್ರಿಯಾದ ಮೇಲೆ, ಐಬಿಬಿಐ ಮಾನ್ಯತೆ ಪಡೆದ ಮೌಲ್ಯಮಾಪಕರ ಸಂಸ್ಥೆಯೊಂದರಲ್ಲಿ ಸದಸ್ಯರಾಗಬೇಕು. ಇವನ್ನು ಆರ್‌ವಿಒ ಎನ್ನುತ್ತಾರೆ. ಮಾನ್ಯತೆ ಇರುವವುಗಳ ಪಟ್ಟಿ ಐಬಿಬಿಐ ಜಾಲತಾಣದಲ್ಲಿದೆ. ಅದರಲ್ಲಿ ಹೆಸರಿಲ್ಲದ ಸಂಸ್ಥೆಗೆ ಬಿಡಿಗಾಸೂ ಕಟ್ಟಬೇಡಿ. ಒಮ್ಮೆ ಸೇರಿದ ಮೇಲೆ ಬೇರೆ ಸಂಸ್ಥೆಗೆ ಹೋಗಲು ಐಬಿಬಿಐ ಅನುಮತಿ ಬೇಕಾಗುವುದರಿಂದ ಆಯ್ಕೆಯಲ್ಲಿ ಅವಸರ ಬೇಡ. ಅಲ್ಲಿ ಕನಿಷ್ಠ 50 ಗಂಟೆಯ ಶಿಕ್ಷಣ ಮುಗಿಸಿದ ಮೇಲೆ ಪರೀಕ್ಷೆಗೆ ಕೂರಬಹುದು.

ಪರೀಕ್ಷೆ ಕಂಪ್ಯೂಟರಿನಲ್ಲಿ. 100 ಅಂಕ, ಪಾಸಾಗಲು 60. ತಪ್ಪು ಉತ್ತರಕ್ಕೆ ಆ ಪ್ರಶ್ನೆಯ ಕಾಲು ಭಾಗ ಅಂಕ ಹೋಗುತ್ತದೆ. ಎಂಜಿನಿಯರುಗಳನ್ನು ಕೆಡವುವುದು ಅರ್ಥಶಾಸ್ತ್ರ, ಲೆಕ್ಕಪತ್ರ ಮತ್ತು ಕಾನೂನು. 1882ರ ಆಸ್ತಿ ವರ್ಗಾವಣೆ ಕಾಯ್ದೆ, 1908ರ ನೋಂದಣಿ ಕಾಯ್ದೆ, 2013ರ ಭೂಸ್ವಾಧೀನ ಕಾಯ್ದೆ, ರೇರಾ ಇವನ್ನು ಮೊದಲೇ ಓದಿಕೊಂಡು ತರಗತಿಗೆ ಹೋದರೆ ಆ ಐವತ್ತು ಗಂಟೆ ಸಾರ್ಥಕ.

ಲೆಕ್ಕದ ಭಾಗವನ್ನು ಕೈಯಿಂದ ಬರೆದು ಕಲಿಯಿರಿ. 1,200 ಚದರಡಿಯ, 20 ವರ್ಷ ಹಳೆಯ ಮನೆ ಇದೆಯೆನ್ನಿ. ಇವತ್ತು ಹಾಗೇ ಕಟ್ಟಲು ಚದರಡಿಗೆ 2,000 ರೂಪಾಯಿಯಂತೆ 24 ಲಕ್ಷ ಬೇಕು. ಆಯಸ್ಸು 60 ವರ್ಷ, ಕೊನೆಗೆ ಉಳಿಯುವ ಹಳೇ ಸಾಮಾನಿನ ಬೆಲೆ ಶೇ 10 ಎಂದು ಹಿಡಿದರೆ, ಸವಕಳಿಗೆ ಒಳಪಡುವುದು ಶೇ 90. ಮೂರನೇ ಒಂದು ಪಾಲು ಆಯಸ್ಸು ಕಳೆದಿರುವುದರಿಂದ ಸವಕಳಿ ಶೇ 30, ಅಂದರೆ 7.2 ಲಕ್ಷ. ಕಟ್ಟಡದ ಬೆಲೆ 16.8 ಲಕ್ಷ. ನೆಲದ ಬೆಲೆ ಬೇರೆ ಸೇರಿಸಬೇಕು. ಅದಕ್ಕೆ ಸುತ್ತಮುತ್ತಲ ಮಾರಾಟಗಳನ್ನು ಹೋಲಿಸಬೇಕು. ಉಪನೋಂದಣಾಧಿಕಾರಿ ಕಚೇರಿಯ ಮಾರ್ಗಸೂಚಿ ದರವನ್ನೇ ಪೇಟೆ ಬೆಲೆ ಎಂದು ಬರೆದುಬಿಡುವುದು ಸೋಮಾರಿತನ.

ಪಾಸಾದ ಮೂರು ವರ್ಷದೊಳಗೆ ಫಾರ್ಮ್ ‘ಎ’ ತುಂಬಿ, 5,000 ರೂಪಾಯಿ ಶುಲ್ಕದೊಂದಿಗೆ ನಿಮ್ಮ ಸಂಸ್ಥೆಯ ಶಿಫಾರಸಿನ ಮೇಲೆ ಅರ್ಜಿ ಹಾಕಬೇಕು. ಆ ಶುಲ್ಕ ವಾಪಸು ಬರುವುದಿಲ್ಲ. ನೋಂದಣಿ ಸಿಕ್ಕ ಮೇಲೆ ವೃತ್ತಿ ನಡೆಸುವ ಪ್ರಮಾಣಪತ್ರವನ್ನು ಸಂಸ್ಥೆಯಿಂದ ಪಡೆಯಬೇಕು. ಬ್ಯಾಂಕುಗಳು ತಮ್ಮ ಪಟ್ಟಿಗೆ ಸೇರಿಸಿಕೊಳ್ಳುವುದು ಬೇರೆಯೇ ಅರ್ಜಿ. ಆದಾಯ ತೆರಿಗೆ ಉದ್ದೇಶದ ನೋಂದಣಿಯೂ ಬೇರೆ, ಅದು ಸಂಪತ್ತು ತೆರಿಗೆಯ ಕಾಲದಿಂದ ಬಂದದ್ದು.

ಪಠ್ಯದಲ್ಲಿ ಸಿಗದ ಕಾಗದಗಳು

ದೇಶಕ್ಕೆಲ್ಲ ಒಂದೇ ಪಠ್ಯವಾದ್ದರಿಂದ ಕರ್ನಾಟಕದ ದಾಖಲೆಗಳನ್ನು ನೀವೇ ಕಲಿಯಬೇಕು. ಪಹಣಿ, ಮ್ಯುಟೇಶನ್, ಭೂ ಪರಿವರ್ತನೆ ಆದೇಶ, ಖಾತಾ, ಇ.ಸಿ. ಓದಲು ಬಾರದಿದ್ದರೆ ಎಷ್ಟು ಅಂಕ ಬಂದರೂ ವರದಿ ಗಟ್ಟಿಯಾಗದು. ನಲವತ್ತು ಗುಂಟೆಗೆ ಒಂದು ಎಕರೆ, ಗುಂಟೆಗೆ 1,089 ಚದರಡಿ ಎಂಬುದು ನಾಲಿಗೆ ತುದಿಯಲ್ಲಿರಬೇಕು. ಪರಿಶಿಷ್ಟರಿಗೆ ಮಂಜೂರಾದ ಜಮೀನಾದರೆ 1978ರ ಪಿಟಿಸಿಎಲ್ ಕಾಯ್ದೆ ಅನ್ವಯಿಸುತ್ತದೆ, ಸರ್ಕಾರದ ಅನುಮತಿಯಿಲ್ಲದೆ ಕೈಬದಲಾಗುವಂತಿಲ್ಲ. ಅದನ್ನು ಗಮನಿಸದೆ ಬರೆದ ಬೆಲೆ ಬರೀ ಅಂಕಿ, ಅದನ್ನು ನಂಬಿ ಕೊಂಡವರ ಜೀವಮಾನದ ಉಳಿತಾಯ ಮುಳುಗುತ್ತದೆ.

ಆದ್ದರಿಂದ ಪರೀಕ್ಷೆಗೆ ಓದುವ ದಿನಗಳಲ್ಲೇ ಹಿರಿಯ ವ್ಯಾಲ್ಯುಯರ್ ಒಬ್ಬರ ಜೊತೆ ಟೇಪಿನ ಇನ್ನೊಂದು ತುದಿ ಹಿಡಿಯಲು ಹೋಗಿ. ಅಳತೆ, ಫೋಟೊ, ವಿಚಾರಿಸಿದ ದರ ಎಲ್ಲವನ್ನೂ ದಿನಾಂಕ ಹಾಕಿ ಬರೆದಿಡುವುದು ಅಲ್ಲಿಂದಲೇ ರೂಢಿಯಾಗಲಿ. ಮುಂದೆ ನಿಮ್ಮ ಹೆಸರಿನಲ್ಲಿ ನೋಂದಣಿ ಬಂದಾಗ ಪ್ರತಿ ಕೆಲಸದ ದಾಖಲೆಯನ್ನೂ ಕನಿಷ್ಠ 3 ವರ್ಷ ಇಟ್ಟುಕೊಳ್ಳಬೇಕೆಂದು ನಿಯಮವೇ ಹೇಳುತ್ತದೆ.